ಕೆರೆ ಏರಿಯಿಂದ ಶುರು ಮಾಡಿ: ಹಳೇ ನಕ್ಷೆಯ ಮರುಮುದ್ರಣ ಹಿಡಿದು ಊರಿನ ಚರಿತ್ರೆ ಹುಡುಕುವ ಬಗೆ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಊರಿನ ಚರಿತ್ರೆ ಎಂದರೆ ದೇವಸ್ಥಾನ, ಶಾಸನ, ವೀರಗಲ್ಲಿನ ಮಾತೇ ಮೊದಲು ಬರುತ್ತದೆ. ಅಜ್ಜನ ಕಾಲದಲ್ಲಿ ಸಂತೆಗೆ ಯಾವ ದಾರಿಯಲ್ಲಿ ಹೋಗುತ್ತಿದ್ದರು, ಪಕ್ಕದ ಹಾಳೂರು ಯಾವಾಗ ಖಾಲಿಯಾಯಿತು, ಗುಂಡುತೋಪು ಎಲ್ಲಿಂದ ಎಲ್ಲಿಯವರೆಗೆ ಇತ್ತು ಎಂಬ ಪ್ರಶ್ನೆಗಳಿಗೆ ಶಾಸನದಲ್ಲಿ ಉತ್ತರ ಇರುವುದಿಲ್ಲ. ಇದ್ದರೆ ಹಳೇ ಸರ್ವೆ ನಕ್ಷೆಯಲ್ಲಿ ಇರುತ್ತದೆ. ಮರುಮುದ್ರಣವಾಗಿಯೂ ಸ್ಕ್ಯಾನ್ ಪ್ರತಿಯಾಗಿಯೂ ಅವು ಈಗ ಕೈಗೆಟಕುತ್ತವೆ.

ನಕ್ಷೆ ಬಿಡಿಸಿದ ಕೂಡಲೇ ಎಲ್ಲರೂ ಮಾಡುವ ಮೊದಲ ಕೆಲಸ ತಮ್ಮ ಊರಿನ ಹೆಸರು ಹುಡುಕುವುದು. ಅಲ್ಲೇ ದಾರಿ ತಪ್ಪುತ್ತದೆ. ಹೆಸರನ್ನು ಸರ್ವೆಯವರು ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದಾರೆ, ರಸ್ತೆ ಬೇರೆ ಕಡೆ ತಿರುಗಿದೆ, ಮನೆಗಳು ಬಸ್ ನಿಲ್ಲುವ ಕಡೆಗೆ ಸರಿದಿವೆ. ನಮ್ಮ ಬಯಲುಸೀಮೆಯಲ್ಲಿ ನೂರು ವರ್ಷವಾದರೂ ಕದಲದೆ ಕೂತಿರುವುದು ಕೆರೆ ಏರಿ. ಏರಿಯನ್ನು ಮೊದಲು ಗುರುತಿಸಿಕೊಂಡರೆ ಉಳಿದದ್ದೆಲ್ಲ ಅದರ ಸುತ್ತ ತಾನಾಗಿ ಕೂರುತ್ತದೆ. ಈ ಲೇಖನದ ಕ್ರಮವೆಲ್ಲ ಆ ಒಂದು ಮಾತಿನ ಮೇಲೆ ನಿಂತಿದೆ.

ಬೇಕಾಗುವ ನಕ್ಷೆಗಳು

ಕನಿಷ್ಠ ಮೂರು ನಕ್ಷೆ ಬೇಕು. ಒಂದರಿಂದ ಕೆಲಸ ಆಗುವುದಿಲ್ಲ.

ಮೊದಲನೆಯದು ಸರ್ವೆ ಆಫ್ ಇಂಡಿಯಾದ ಹಳೇ 'ಒಂದಿಂಚಿನ' ಟೋಪೋಶೀಟ್ (ನೆಲದ ಏರುತಗ್ಗು, ಊರು, ಕೆರೆ, ದಾರಿಗಳನ್ನೆಲ್ಲ ತೋರಿಸುವ ನಕ್ಷೆಯ ಹಾಳೆ). ಒಂದು ಇಂಚಿಗೆ ಒಂದು ಮೈಲಿ, ಅಂದರೆ 1:63,360. ಕಾಗದದ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ ಸುಮಾರು 63 ಮೀಟರ್. ಎರಡನೆಯದು ಅದೇ ಇಲಾಖೆಯ ಈಗಿನ 1:50,000 ಶೀಟ್. ಇದರ ಪಿಡಿಎಫ್ ಇಲಾಖೆಯ ಆನ್‌ಲೈನ್ ಮ್ಯಾಪ್ಸ್ ಪೋರ್ಟಲ್‌ನಲ್ಲಿ ಸಿಗುತ್ತದೆ. ಮೂರನೆಯದು ಕಂದಾಯ ಗ್ರಾಮ ನಕ್ಷೆ. ಇದನ್ನು ಭೂಮಾಪನ ಇಲಾಖೆಯ ಜಾಲತಾಣದಿಂದ ಇಳಿಸಿಕೊಳ್ಳಬಹುದು, ಇಲ್ಲವೇ ತಾಲ್ಲೂಕು ಕಚೇರಿಯ ಸರ್ವೆ ಶಾಖೆಯಲ್ಲಿ ಅರ್ಜಿ ಕೊಟ್ಟು ಪಡೆಯಬಹುದು. ಗ್ರಾಮ ನಕ್ಷೆಗಳು ಬಹಳಷ್ಟು 1:7,920 ಅಳತೆಯವು, ಅಂದರೆ ಒಂದು ಇಂಚಿಗೆ 660 ಅಡಿ. ಆದರೂ ನಿಮ್ಮ ಪ್ರತಿಯ ಮೇಲೆ ಬರೆದಿರುವ ಅಳತೆಯನ್ನೇ ನೋಡಿ.

ಇವಲ್ಲದೆ 1950ರ ದಶಕದಲ್ಲಿ ಅಮೆರಿಕದ ಸೇನೆ ತಯಾರಿಸಿದ 1:250,000 ನಕ್ಷೆಗಳಿವೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಅವನ್ನು ಉಚಿತವಾಗಿ ಇಟ್ಟಿದೆ, ನಮ್ಮ ಭಾಗದ ಶೀಟುಗಳ ಸಂಖ್ಯೆ 'ಎನ್‌ಡಿ 43' ಎಂದು ಶುರುವಾಗುತ್ತದೆ. ಘಾಟಿ ರಸ್ತೆ, ರೈಲು, ದೊಡ್ಡ ಊರುಗಳಿಗೆ ಅವು ಸಾಕು. ಹಳ್ಳಿಯ ಚರಿತ್ರೆಗೆ ಉಪಯೋಗ ಕಡಿಮೆ.

ನಿಮ್ಮ ಶೀಟ್ ಯಾವುದು

ಹಳೇ ಸಂಖ್ಯಾಕ್ರಮ ಸರಳ. 4 ಡಿಗ್ರಿ ಉದ್ದ, 4 ಡಿಗ್ರಿ ಅಗಲದ ದೊಡ್ಡ ಚೌಕಕ್ಕೆ ಒಂದು ಸಂಖ್ಯೆ. ಅದರೊಳಗೆ ಒಂದೊಂದು ಡಿಗ್ರಿಯ 16 ಚೌಕಗಳಿಗೆ ಎ ಇಂದ ಪಿ ವರೆಗೆ ಅಕ್ಷರ. ಪ್ರತಿ ಅಕ್ಷರದ ಚೌಕದೊಳಗೆ 15 ನಿಮಿಷದ 16 ಶೀಟು. ಅಕ್ಷರವಾಗಲಿ ಅಂಕಿಯಾಗಲಿ, ವಾಯವ್ಯ ಮೂಲೆಯಿಂದ ಮೇಲಿಂದ ಕೆಳಕ್ಕೆ ಎಣಿಸಿ, ಆಮೇಲೆ ಪೂರ್ವದ ಸಾಲಿಗೆ ಹೋಗಬೇಕು. ನಮ್ಮೆರಡು ಜಿಲ್ಲೆಗಳನ್ನು 76 ಡಿಗ್ರಿ ರೇಖಾಂಶ ಸೀಳಿಕೊಂಡು ಹೋಗುವುದರಿಂದ ಪಶ್ಚಿಮದ ಭಾಗ 48ರಲ್ಲೂ ಪೂರ್ವದ ಭಾಗ 57ರಲ್ಲೂ ಬೀಳುತ್ತದೆ. ಬೇಲೂರು 48 ಒ/16. ಚಿಕ್ಕಮಗಳೂರು ಪಟ್ಟಣ 48 ಒ/15. ಸಕಲೇಶಪುರ 48 ಪಿ/13. ತರೀಕೆರೆ 48 ಒ/14. ಕಡೂರು 57 ಸಿ/2. ಹಾಸನ 57 ಸಿ/4. ಅರಸೀಕೆರೆ 57 ಸಿ/7. ಶ್ರವಣಬೆಳಗೊಳ 57 ಡಿ/5.

ಇಲ್ಲೊಂದು ಎಚ್ಚರ. ನಮ್ಮ ಮುಖ್ಯ ಊರುಗಳು ಶೀಟಿನ ಅಂಚಿನಲ್ಲೇ ಇವೆ. ಹಾಸನ ಪಟ್ಟಣ 13 ಡಿಗ್ರಿ ಅಕ್ಷಾಂಶದ ಮೇಲೆಯೇ ಕೂತಿದೆ, ದಕ್ಷಿಣದ ಬಡಾವಣೆಗಳು ಬೇಕಾದರೆ 57 ಡಿ/1 ಕೂಡ ಬೇಕು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದಿಂದ ಪೂರ್ವಕ್ಕೆ ಸುಮಾರು ಅರ್ಧ ಕಿಲೋಮೀಟರಿಗೆ 48 ಒ/16 ಮುಗಿದುಹೋಗುತ್ತದೆ, ದೋರಸಮುದ್ರದ (ಹಳೇಬೀಡಿನ ಹಿಂದಿನ ಹೆಸರು) ಕೋಟೆಯನ್ನು ಪೂರ್ತಿ ನೋಡಲು 57 ಸಿ/4 ಜೋಡಿಸಿಕೊಳ್ಳಬೇಕು. ಚಿಕ್ಕಮಗಳೂರು ಒಂದು ಶೀಟಿನಲ್ಲಿದ್ದರೆ ಮುಳ್ಳಯ್ಯನಗಿರಿ ಪಕ್ಕದ 48 ಒ/11ರಲ್ಲಿದೆ. ಅಕ್ಕಪಕ್ಕದ ಶೀಟುಗಳು ಬೇರೆ ಬೇರೆ ವರ್ಷದ ಸರ್ವೆಯವಾಗಿದ್ದರೆ ಅಂಚಿನಲ್ಲಿ ರಸ್ತೆ ಥಟ್ಟನೆ ನಿಂತುಹೋದಂತೆ ಕಾಣುತ್ತದೆ. ನೆಲದ ಮೇಲೆ ರಸ್ತೆ ನಿಂತಿಲ್ಲ, ಒಂದು ಶೀಟು ಹಳೆಯದು ಅಷ್ಟೇ.

ಈಗಿನ ಶೀಟುಗಳ ಸಂಖ್ಯೆ 'ಡಿ 43' ಎಂದು ಶುರುವಾಗುತ್ತದೆ. ಚೌಕದ ಅಳತೆ ಮೊದಲಿನಂತೆ 15 ನಿಮಿಷವೇ ಆದ್ದರಿಂದ ಹಳೇ ಶೀಟು, ಹೊಸ ಶೀಟು ಹೆಚ್ಚುಕಡಿಮೆ ಒಂದೇ ಜಾಗವನ್ನು ತೋರಿಸುತ್ತವೆ. ಹೋಲಿಸುವವರಿಗೆ ಇದು ದೊಡ್ಡ ಅನುಕೂಲ.

ಅಂಚಿನ ಬರಹ ಓದುವುದು

ನಕ್ಷೆಯ ಒಳಗೆ ಹೋಗುವ ಮುಂಚೆ ಅಂಚಿನಲ್ಲಿ ಅಚ್ಚಾಗಿರುವುದನ್ನೆಲ್ಲ ಓದಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮರುಮುದ್ರಣದಲ್ಲಿ ಮೂರು ವರ್ಷಗಳಿರುತ್ತವೆ: ಸರ್ವೆ ಮಾಡಿದ್ದು, ಮೊದಲು ಪ್ರಕಟಿಸಿದ್ದು, ಮತ್ತೆ ಅಚ್ಚು ಹಾಕಿದ್ದು. ಮುಖ್ಯವಾದದ್ದು ಸರ್ವೆಯ ವರ್ಷ ಮಾತ್ರ. ಮರುಮುದ್ರಣದ ವರ್ಷ ನೋಡಿ 'ಆ ವರ್ಷ ಈ ಊರಲ್ಲಿ ಹತ್ತೇ ಮನೆ ಇತ್ತು' ಎಂದು ಬರೆದರೆ ಲೆಕ್ಕ ಇಪ್ಪತ್ತು ಮೂವತ್ತು ವರ್ಷ ತಪ್ಪುತ್ತದೆ. ಇನ್ನೂ ತೊಡಕಿನ ಸಂಗತಿಯೆಂದರೆ, ಮರುಮುದ್ರಣದ ವೇಳೆ ರಸ್ತೆ, ರೈಲು, ಜಿಲ್ಲೆಯ ಗಡಿಗಳನ್ನಷ್ಟೇ ತಿದ್ದಿ ಊರು, ಕೆರೆ, ಕಾಡನ್ನು ಹಳೇ ಸರ್ವೆಯಂತೆಯೇ ಬಿಡುವುದುಂಟು. ಆಗ ಒಂದೇ ಹಾಳೆಯ ಮೇಲೆ ಎರಡು ಕಾಲ ಕೂಡಿರುತ್ತದೆ.

ಅಂಚು ಕತ್ತರಿಸಿದ ಪ್ರತಿ ಸಿಕ್ಕಿದರೆ ಅದರ ಕಾಲವನ್ನು ಒಳಗಿನ ವಿವರದಿಂದಲೇ ಹಿಡಿಯಬೇಕು. ನಮ್ಮ ಭಾಗದಲ್ಲಿ ಇದಕ್ಕೆ ರೈಲು ಹಳಿಯಂಥ ಸಾಕ್ಷಿ ಮತ್ತೊಂದಿಲ್ಲ. ಅರಸೀಕೆರೆ, ಕಡೂರು, ಬೀರೂರಿನ ಮೇಲೆ ಹರಿಹರಕ್ಕೆ ಹೋಗುವ ಲೈನು ಮುಗಿದದ್ದು 1889ರಲ್ಲಿ. ಬೀರೂರು–ಶಿವಮೊಗ್ಗ ಲೈನು 1899. ಅರಸೀಕೆರೆಯಿಂದ ಹಾಸನದ ಮೇಲೆ ಮೈಸೂರಿಗೆ ಹೋಗುವ ಹಳಿ 1910ರ ದಶಕದ ಕೊನೆಯದು. ಸಕಲೇಶಪುರದ ಘಾಟಿ ಇಳಿದು ಮಂಗಳೂರಿಗೆ ಹೋಗುವ ಹಳಿ ಪೂರ್ತಿಯಾದದ್ದು 1979. ಕಡೂರು–ಚಿಕ್ಕಮಗಳೂರು 2013, ಶ್ರವಣಬೆಳಗೊಳದ ಮೇಲಿನ ಹಾಸನ–ಬೆಂಗಳೂರು ಲೈನು 2017. ಹರಿಹರದ ಲೈನು ಇದ್ದು ಹಾಸನಕ್ಕೆ ಹಳಿ ಇಲ್ಲದಿದ್ದರೆ ಆ ನಕ್ಷೆಯ ಕಾಲ ಎಲ್ಲಿಂದ ಎಲ್ಲಿಗೆ ಎಂದು ನೀವೇ ಹೇಳಬಹುದು.

ಹೆಸರುಗಳೂ ಕಾಲ ಹೇಳುತ್ತವೆ. ಚಿಕ್ಕಮಗಳೂರು ಜಿಲ್ಲೆ 1947ರವರೆಗೆ ಕಡೂರು ಜಿಲ್ಲೆ. ಸಕಲೇಶಪುರದ ಸೀಮೆ ಮಂಜರಾಬಾದ್ ತಾಲ್ಲೂಕು. ಅರಸೀಕೆರೆ ತಾಲ್ಲೂಕು ಮೊದಲು ಹಾರನಹಳ್ಳಿ ತಾಲ್ಲೂಕಾಗಿತ್ತು. ಯಡೇಹಳ್ಳಿ ಎಂದು ಬರೆದಿದ್ದರೆ ನರಸಿಂಹರಾಜಪುರ ಎಂಬ ಹೆಸರು ಬರುವುದಕ್ಕಿಂತ ಹಿಂದಿನ ಸರ್ವೆ. ಗೊರೂರಿನ ಮೇಲೆ ಹೇಮಾವತಿ ಬರೀ ಹೊಳೆಯಾಗಿ ಹರಿಯುತ್ತಿದ್ದರೆ 1979ಕ್ಕಿಂತ ಮೊದಲಿನದು.

ಅಳತೆ ಪರೀಕ್ಷೆ

ಮರುಮುದ್ರಣದ ಮೇಲೆ 1:63,360 ಎಂದು ಅಚ್ಚಾಗಿದ್ದರೂ ನಿಮ್ಮ ಕೈಯಲ್ಲಿರುವ ಹಾಳೆ ಆ ಅಳತೆಯಲ್ಲಿ ಇದೆಯೆಂದು ನಂಬಬೇಡಿ. ಪ್ರಿಂಟರ್ 'ಪುಟಕ್ಕೆ ಹೊಂದಿಸು' ಎಂಬ ಆಯ್ಕೆಯಲ್ಲಿದ್ದರೆ ಹಾಳೆ ಕುಗ್ಗಿರುತ್ತದೆ, ಅಂಕಿ ಮಾತ್ರ ಹಾಗೆಯೇ ಇರುತ್ತದೆ. ಸ್ಟೀಲ್ ಸ್ಕೇಲಿನಲ್ಲಿ ನಕ್ಷೆಯ ಒಳಚೌಕಟ್ಟನ್ನು ಅಳೆಯಿರಿ. ನಮ್ಮ ಅಕ್ಷಾಂಶದಲ್ಲಿ 15 ನಿಮಿಷದ ಒಂದಿಂಚಿನ ಶೀಟು ಎತ್ತರ 43.6 ಸೆಂ.ಮೀ., ಅಗಲ 42.8 ಸೆಂ.ಮೀ. ಆಸುಪಾಸು ಇರಬೇಕು. 1:50,000 ಶೀಟಾದರೆ 55.3 ಮತ್ತು 54.2 ಸೆಂ.ಮೀ. ಎತ್ತರ ಸರಿಯಿದ್ದು ಅಗಲ ಮಾತ್ರ ಕಡಿಮೆ ಬಂದರೆ ಸ್ಕ್ಯಾನ್ ಮಾಡುವಾಗಲೇ ಹಾಳೆ ಎಳೆದುಹೋಗಿದೆ, ಅಂಥದ್ದರ ಮೇಲೆ ದೂರ ಅಳೆಯುವ ಹಾಗಿಲ್ಲ. ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗಿದ್ದರೆ ನಕ್ಷೆಯ ಕೆಳಗೆ ಅಚ್ಚಾಗಿರುವ ಮೈಲಿ ಪಟ್ಟಿಯನ್ನು ಬಳಸಿ. ಹಾಳೆಯ ಜೊತೆಗೆ ಅದೂ ಕುಗ್ಗಿರುವುದರಿಂದ ತಪ್ಪು ಹೇಳುವುದಿಲ್ಲ.

ಎತ್ತರಗಳು ಅಡಿಯಲ್ಲಿರುತ್ತವೆ. ಅಡಿಯನ್ನು 0.3048ರಿಂದ ಗುಣಿಸಿದರೆ ಮೀಟರ್. ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಕಂದು ಗೆರೆಗಳ ನಡುವೆ ಒಂದಿಂಚಿನ ಶೀಟಿನಲ್ಲಿ ಸಾಮಾನ್ಯವಾಗಿ 50 ಅಡಿ, ಹೊಸದರಲ್ಲಿ 20 ಮೀಟರ್. ಹೊಸ ನಕ್ಷೆಯಲ್ಲಿ ಗೆರೆ ಕಡಿಮೆ ಕಂಡರೆ ಗುಡ್ಡ ತಗ್ಗಿದೆಯೆಂದು ಅರ್ಥವಲ್ಲ.

ಎರಡು ಕಾಲವನ್ನು ಒಂದರ ಮೇಲೊಂದು ಇಡುವುದು

ಇಡೀ ಶೀಟಿಗೆ ಕೈಹಾಕಬೇಡಿ. ನಿಮ್ಮ ಊರು ನಡುವೆ ಬರುವಂತೆ 5 ಕಿ.ಮೀ. ಚೌಕ ಸಾಕು. ಒಂದಿಂಚಿನ ಶೀಟಿನಲ್ಲಿ ಅದು ಸುಮಾರು 8 ಸೆಂ.ಮೀ., ಹೊಸ ಶೀಟಿನಲ್ಲಿ 10 ಸೆಂ.ಮೀ. ಹಳೆಯದನ್ನು ಹೊಸದರ ಅಳತೆಗೆ ತರಲು ಜೆರಾಕ್ಸ್ ಅಂಗಡಿಯಲ್ಲಿ 127 ಶೇಕಡಾ ಎಂದು ಹೇಳಿ. ಬಹಳ ಕಡೆ 141ರ ಬಟನ್ ಒತ್ತಿ ಕೊಟ್ಟುಬಿಡುತ್ತಾರೆ, ಅದು ಎ4ನ್ನು ಎ3 ಮಾಡುವ ಅಳತೆ, ನಮಗೆ ಉಪಯೋಗವಿಲ್ಲ. ನಂತರ ಎರಡನ್ನೂ ಇನ್ನಷ್ಟು ದೊಡ್ಡದು ಮಾಡಿಸಿಕೊಳ್ಳಬಹುದು, ಎರಡಕ್ಕೂ ಪ್ರಮಾಣ ಒಂದೇ ಇದ್ದರಾಯಿತು. ಹಳೆಯದನ್ನು ಟ್ರೇಸಿಂಗ್ ಪೇಪರಿನ ಮೇಲೆ ಕೈಯಲ್ಲಿ ಎಳೆಯುವುದೇ ಒಳ್ಳೆಯದು. ಕಣ್ಣು ಜಾರಿಸಿಬಿಡುವ ಸಣ್ಣ ಕಟ್ಟೆ, ಕಾಲುದಾರಿ, ಬಾವಿಯ ಚುಕ್ಕೆ ಕೈಗೆ ಸಿಗುತ್ತವೆ.

ಎಳೆಯುವ ಕ್ರಮ ಹೀಗೆ. ಮೊದಲು ಕೆರೆ ಏರಿಗಳು, ಗಟ್ಟಿ ಗೆರೆಯಲ್ಲಿ. ಆಮೇಲೆ ಹಳ್ಳ ಹೊಳೆಗಳು ಕೂಡುವ ಜಾಗ. ಆಮೇಲೆ ಗುಡ್ಡದ ನೆತ್ತಿ, ಅದರಲ್ಲೂ ತ್ರಿಕೋನದ ಗುರುತು ಇರುವ ಸರ್ವೆ ಸ್ಟೇಷನ್‌ಗಳು. ಈ ಮೂರನ್ನು ಹೊಸ ನಕ್ಷೆಯ ಮೇಲೆ ಕೂರಿಸಿ ಹಾಳೆಯನ್ನು ಟೇಪಿನಿಂದ ಅಂಟಿಸಿದ ಮೇಲೆಯೇ ರಸ್ತೆ, ಮನೆ, ತೋಪು, ಹೆಸರುಗಳನ್ನು ತುಂಬಿ. ಕೆರೆಯ ನೀರಿನ ಅಂಗಳದ ಆಕಾರವನ್ನು ಹೋಲಿಸಬೇಡಿ. ಮಳೆಗಾಲಕ್ಕೊಂದು ಬೇಸಿಗೆಗೊಂದು ಆಕಾರ, ಜೊತೆಗೆ ಹೂಳು ತುಂಬಿ ಹಿನ್ನೀರಿನ ಕಡೆ ಒತ್ತುವರಿ ಆಗಿರುತ್ತದೆ. ಏರಿಯ ಎರಡು ತುದಿ, ತೂಬು, ಕೋಡಿ, ಇಷ್ಟು ಹೊಂದಿದರೆ ಸಾಕು. ಮದಗದ ಕೆರೆ, ಅಯ್ಯನಕೆರೆಯಂಥ ದೊಡ್ಡವುಗಳಿಗಿಂತ ಊರಿನ ಸಣ್ಣ ಕೆರೆಗಳೇ ಹೆಚ್ಚು ಕರಾರುವಾಕ್ಕಾಗಿ ಕೂರುತ್ತವೆ, ಏಕೆಂದರೆ ಅವುಗಳ ಏರಿ ಚಿಕ್ಕದು, ತುದಿ ಸ್ಪಷ್ಟ.

ಕಂಪ್ಯೂಟರಿನಲ್ಲಿ ಮಾಡುವವರಿಗೆ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದ ಜಿಯೋರೆಫರೆನ್ಸರ್ (ಸ್ಕ್ಯಾನ್ ಮಾಡಿದ ನಕ್ಷೆಯನ್ನು ನೆಲದ ನಿಜವಾದ ಜಾಗಕ್ಕೆ ಕೂರಿಸುವ ಸಲಕರಣೆ) ಸಾಕು. ಗೂಗಲ್ ಅರ್ಥ್ ಪ್ರೋದಲ್ಲಿ ಚಿತ್ರವನ್ನು ಮೇಲೆ ಹೊದಿಸುವ ಸೌಲಭ್ಯವೂ ನಡೆಯುತ್ತದೆ. 300 ಡಿಪಿಐ ಸ್ಕ್ಯಾನಿನಲ್ಲಿ ಒಂದು ಚುಕ್ಕೆಗೆ ನೆಲದ ಮೇಲೆ ಸುಮಾರು 5.4 ಮೀಟರ್ ಬರುತ್ತದೆ, ಅದಕ್ಕಿಂತ ಹೆಚ್ಚಿನ ಸ್ಕ್ಯಾನಿನಿಂದ ಲಾಭವಿಲ್ಲ, ಏಕೆಂದರೆ ನಕ್ಷೆಯ ಗೆರೆಯೇ ನೆಲದ ಮೇಲೆ 20–30 ಮೀಟರ್ ದಪ್ಪ. ಹಳೇ ನಕ್ಷೆಯಲ್ಲೂ ಈಗಿನದರಲ್ಲೂ ಗುರುತು ಸಿಗುವ ಕನಿಷ್ಠ ಆರು ಬಿಂದು ಕೊಡಿ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಎರಡು. ಎಲ್ಲವನ್ನೂ ನಿಮ್ಮ ಊರಿನ ಸುತ್ತಲೇ ಕೊಟ್ಟರೆ ದೂರದ ಭಾಗ ತಿರುಚಿಕೊಳ್ಳುತ್ತದೆ. ಮೊದಲು ಇಡೀ ಹಾಳೆಯನ್ನು ಒಟ್ಟಾಗಿ ಸರಿಸಿ ತಿರುಗಿಸಿ ಕೂರಿಸುವ ಸರಳವಾದ ಪಾಲಿನೋಮಿಯಲ್ 1 ವಿಧಾನ ಬಳಸಿ. ಥಿನ್ ಪ್ಲೇಟ್ ಸ್ಪ್ಲೈನ್ ಎಂಬುದು ಎಲ್ಲ ಬಿಂದುವನ್ನೂ ಬಲವಂತವಾಗಿ ಹೊಂದಿಸುವುದರಿಂದ ನೀವು ತಪ್ಪು ಗುರುತಿಸಿದ ಕೆರೆ ಕೂಡ ಸರಿ ಎಂಬಂತೆ ಕಾಣುತ್ತದೆ, ತಪ್ಪು ಬಯಲಿಗೆ ಬರುವುದೇ ಇಲ್ಲ.

ಇಲ್ಲಿ ಎರಡು ಬಗೆಯ ಸರಿತ ಕಾಣಬಹುದು. ಮೂಲೆಯ ಅಕ್ಷಾಂಶ–ರೇಖಾಂಶ ಕೊಟ್ಟು ಕೂರಿಸಿದಾಗ ಎಲ್ಲ ಬಿಂದುಗಳೂ ಒಂದೇ ದಿಕ್ಕಿಗೆ ನೂರು ಮೀಟರ್ ಅಥವಾ ಅದಕ್ಕೂ ಮೇಲೆ ಸರಿದಿದ್ದರೆ ಗಾಬರಿ ಬೇಡ. ಹಳೇ ನಕ್ಷೆ ಭೂಮಿಯ ಆಕಾರಕ್ಕೆ ಆಗ ಹಿಡಿದ ಎವರೆಸ್ಟ್ ದೀರ್ಘಗೋಳದ ಲೆಕ್ಕದ್ದು, ಜಿಪಿಎಸ್ ಬೇರೆ ಲೆಕ್ಕದ್ದು. ಎರಡನೆಯದು ಇನ್ನೂ ದೊಡ್ಡದು. 19ನೇ ಶತಮಾನದ ಹಲವು ನಕ್ಷೆಗಳ ರೇಖಾಂಶ ಮದ್ರಾಸ್ ವೀಕ್ಷಣಾಲಯದ ಹಳೇ ಅಳತೆಯನ್ನು ಆಧರಿಸಿದ್ದು, ಸುಮಾರು ಎರಡೂವರೆ ನಿಮಿಷ ಹೆಚ್ಚಿಗೆ ತೋರಿಸುತ್ತದೆ. ನಮ್ಮ ಕಡೆ ಅದು ಪೂರ್ವ–ಪಶ್ಚಿಮವಾಗಿ ನಾಲ್ಕೂವರೆ ಕಿಲೋಮೀಟರ್ ಆಗುತ್ತದೆ. ಆ ಅಂಕಿಗಳನ್ನು ನಂಬಿ ಜಿಪಿಎಸ್ ಹಿಡಿದು ಹೊರಟರೆ ಬೇರೆ ಊರಿನ ಹೊಲದಲ್ಲಿ ನಿಂತಿರುತ್ತೀರಿ. ಎರಡಕ್ಕೂ ಮದ್ದು ಒಂದೇ: ಅಂಚಿನ ಅಂಕಿ ಬಿಟ್ಟು ಏರಿ, ಹಳ್ಳದ ಕೂಡಲು, ಗುಡ್ಡದ ನೆತ್ತಿಯ ಮೇಲೆ ನಕ್ಷೆಯನ್ನು ಕೂರಿಸುವುದು.

ಹೆಸರುಗಳ ಗಂಟು

ಹಳೇ ನಕ್ಷೆಯ ಇಂಗ್ಲಿಷ್ ಕಾಗುಣಿತವನ್ನು ಕಣ್ಣಿನಿಂದ ಓದದೆ ಜೋರಾಗಿ ಬಾಯಿಬಿಟ್ಟು ಓದಿ. ಎರಡು 'ಓ' ಬಂದರೆ ಊಕಾರ, ಕೊನೆಯ 'ಹಳ್ಳಿ' ಹಲವು ರೂಪದಲ್ಲಿ ಮುರಿದಿರುತ್ತದೆ, ಳ–ಲ, ಣ–ನ ವ್ಯತ್ಯಾಸವಂತೂ ಇರುವುದೇ ಇಲ್ಲ. ಒಂದೇ ಹೆಸರಿನ ಊರು ತಾಲ್ಲೂಕಿಗೆ ನಾಲ್ಕು ಇರುವುದರಿಂದ ಹೋಬಳಿಯ ಹೆಸರು ಸೇರಿಸಿಯೇ ಪಟ್ಟಿ ಮಾಡಿ. ನಕ್ಷೆಯಲ್ಲಿ ಹೆಸರಿದ್ದು ಈಗ ಆ ಹೆಸರಿನ ಊರೇ ಇಲ್ಲವಾದರೆ ಗ್ರಾಮ ನಕ್ಷೆ ತೆಗೆಯಿರಿ. ಜನ ಬಿಟ್ಟುಹೋದ ಊರು ಕಂದಾಯ ದಾಖಲೆಯಲ್ಲಿ 'ಬೇಚಿರಾಕ್' ಗ್ರಾಮವಾಗಿ ಉಳಿದಿರುತ್ತದೆ. ಒಂದು ಮನೆಯೂ ಇಲ್ಲದಿದ್ದರೂ ಗಡಿ ಇರುತ್ತದೆ, ಸರ್ವೆ ನಂಬರ್ ಇರುತ್ತದೆ, ಹೆಚ್ಚಿನ ಸಲ ಗ್ರಾಮಠಾಣದ, ಅಂದರೆ ಮನೆಗಳಿದ್ದ ಜಾಗದ, ಗುರುತೂ ಇರುತ್ತದೆ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಇದ್ದರೆ ನಿಂತ ಜಾಗದ ಸರ್ವೆ ನಂಬರ್ ಅಲ್ಲೇ ಸಿಗುತ್ತದೆ.

ಹಳೇ ಗ್ರಾಮಠಾಣ ಎಲ್ಲಿತ್ತು ಎಂದು ಗೊತ್ತಾದ ಮೇಲೆ ಶಾಸನ ಸಂಪುಟ ತೆರೆಯಿರಿ. ಎಪಿಗ್ರಾಫಿಯಾ ಕರ್ನಾಟಿಕಾದ ಹಳೇ ಸರಣಿಯಲ್ಲಿ 5ನೇ ಸಂಪುಟ ಹಾಸನ ಜಿಲ್ಲೆಯದು, 6ನೆಯದು ಕಡೂರು ಜಿಲ್ಲೆಯದು. ಶಾಸನಗಳನ್ನು ತಾಲ್ಲೂಕುವಾರು ಕೊಟ್ಟು ಸಿಕ್ಕಿದ ಊರಿನ ಹೆಸರನ್ನೂ ಹೇಳಿರುವುದರಿಂದ ಬೇಚಿರಾಕ್ ಊರಿನ ಹೆಸರು ಅಲ್ಲಿ ಬಂದರೆ ನಿಮಗೆ ಕೆರೆ, ಗದ್ದೆ, ಎಲ್ಲೆಕಲ್ಲುಗಳ ವಿವರವೇ ಸಿಗಬಹುದು. ನಕ್ಷೆಗೂ ಶಾಸನಕ್ಕೂ ನಡುವೆ ನಂಟು ಬೀಳುವುದು ಇಲ್ಲಿ. ಈ ಕೆಲಸದ ಅತ್ಯಂತ ಸಂತೋಷದ ಘಟ್ಟವೂ ಇದೇ.

ನೆಲದ ಮೇಲೆ

ಬಯಲುಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೋಗಿ. ರಾಗಿ ಹೊಲ ಖಾಲಿಯಿರುತ್ತದೆ, ನೆಲ ಕಾಣುತ್ತದೆ. ನಕ್ಷೆಯ ಜೆರಾಕ್ಸ್ ಎರಡು ಪ್ರತಿ, ಪೆನ್ಸಿಲ್, 30 ಮೀಟರ್ ಟೇಪು, ನೀರು. ಮೂಲ ಮರುಮುದ್ರಣವನ್ನು ಮನೆಯಲ್ಲೇ ಬಿಡಿ, ಮಡಿಕೆಯಲ್ಲಿ ಹರಿದ ಜಾಗದಲ್ಲೇ ನಿಮಗೆ ಬೇಕಾದ ಹೆಸರು ಇರುತ್ತದೆ.

ಏರಿಯ ಮೇಲೆ ನಿಂತು ನಕ್ಷೆಯನ್ನು ದಿಕ್ಕಿಗೆ ತಿರುಗಿಸಿಕೊಂಡು ಹಳೇ ದಾರಿ ಎಲ್ಲಿ ಹಾದಿತ್ತು ನೋಡಿ. ಹಳೇ ಗಾಡಿದಾರಿ ಬಹಳ ಕಡೆ ಏರಿಯ ಮೇಲೆಯೇ ಹೋಗುತ್ತಿತ್ತು. ಹೊಸ ಡಾಂಬರು ರಸ್ತೆ ಕೆಳಗೆ ನೇರವಾಗಿ ಹೋದಾಗ ಹಳೆಯದು ಬೇಲಿ ಸಾಲಾಗಿಯೋ ಇಕ್ಕಟ್ಟಾದ ಓಣಿಯಾಗಿಯೋ ಉಳಿದಿರುತ್ತದೆ. ಹಾಳೂರಿನ ಜಾಗದಲ್ಲಿ ಸುತ್ತಲಿಗಿಂತ ಕಪ್ಪಾದ ಬೂದಿ ಮಣ್ಣು, ಮಡಕೆ ಚೂರು, ಒಡೆದ ಒರಳು, ಬೀಸುವ ಕಲ್ಲು, ಹುಣಸೆ ಮರ, ಹೂತುಹೋದ ಬಾವಿ, ಒಂಟಿ ಬಸವಣ್ಣನ ಗುಡಿ ಕಾಣುತ್ತವೆ. ಇವುಗಳಲ್ಲಿ ಒಂದು ಸಿಕ್ಕಿದರೆ ಸಾಲದು, ಮೂರು ಕೂಡಿದರೆ ಹಾಳೂರು ಎಂದು ಬರೆದುಕೊಳ್ಳಿ.

ಹಿರಿಯರನ್ನು ಕೇಳುವಾಗ ನಕ್ಷೆಯನ್ನು ಮುಖಕ್ಕೆ ಹಿಡಿಯಬೇಡಿ. ಕೈಯಲ್ಲಿ ನಕ್ಷೆ ಕಂಡರೆ ಜಮೀನಿನ ಅಳತೆಗೆ ಬಂದವರೆಂದು ಊರೇ ಅಂದುಕೊಳ್ಳುತ್ತದೆ, ಮಾತು ನಿಲ್ಲುತ್ತದೆ. ಊರಿನ ಚರಿತ್ರೆ ಬರೆದುಕೊಳ್ಳುತ್ತಿದ್ದೇವೆ ಎಂದು ಮೊದಲೇ ಹೇಳಿ. 'ಯಜಮಾನ್ರೇ, ಇಲ್ಲಿ ಹಳೇ ಊರು ಇತ್ತಾ?' ಎಂದು ಕೇಳಿದರೆ ಹೌದು ಎಂಬ ಉತ್ತರವನ್ನು ನೀವೇ ಬಾಯಿಗೆ ಹಾಕಿದಂತೆ. 'ಈ ಹೊಲಕ್ಕೆ ಏನಂತಾರೆ?', 'ಮೊದಲು ಸಂತೆಗೆ ಯಾವ ಕಡೆಯಿಂದ ಹೋಗ್ತಿದ್ರಿ, ಅಜ್ಜಿ?' ಎಂದು ಕೇಳಿ. ಊರು ಯಾಕೆ ಬಿಟ್ಟರು ಎಂಬುದಕ್ಕೆ ಪ್ಲೇಗು, ಮಲೇರಿಯಾ, ನೀರಿಲ್ಲದ್ದು, ಕಳ್ಳರ ಕಾಟ ಎಂದು ಬೇರೆ ಬೇರೆ ಉತ್ತರ ಬರುತ್ತದೆ. ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂದದ್ದು 1898ರಲ್ಲಿ. ಅದಕ್ಕಿಂತ ಹಿಂದಿನ ನಕ್ಷೆಯಲ್ಲೇ ಊರು ಖಾಲಿಯಿದ್ದರೆ ಕಾರಣ ಬೇರೆಯೇ ಇರಬೇಕು. ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡು, ನಕ್ಷೆಯ ಸಾಕ್ಷಿಯನ್ನು ಪಕ್ಕದ ಕಾಲಂನಲ್ಲಿ ಬೇರೆಯಾಗಿ ಇಡಿ.

ಹೇಮಾವತಿಯ ಹಿನ್ನೀರಿನಲ್ಲಿ ಮುಳುಗಿದ ಊರುಗಳಿಗೆ ಹಳೇ ಒಂದಿಂಚಿನ ಶೀಟೇ ದೊಡ್ಡ ಆಧಾರ. ಶೆಟ್ಟಿಹಳ್ಳಿಯ ಹಳೇ ಚರ್ಚು ಎಲ್ಲರಿಗೂ ಗೊತ್ತು, ಅದರ ಸುತ್ತಲಿನ ದಾರಿ, ತೋಪು, ಕಟ್ಟೆಗಳನ್ನು ನೆನಪಿಟ್ಟವರು ಕಡಿಮೆಯಾಗುತ್ತಿದ್ದಾರೆ. ಅಲ್ಲಿಗೆ ನೀರು ತೀರಾ ಇಳಿದಿರುವ ಬೇಸಿಗೆಯ ಕೊನೆಯಲ್ಲಿ ಹೋಗಿ. ಮೇಲೆ ಒಣಗಿ ಬಿರುಕುಬಿಟ್ಟಿರುವ ಹೂಳಿನ ಕೆಳಗೆ ಕೆಸರಿರುತ್ತದೆ, ಊರಿನವರು ನಡೆಯುವ ಜಾಡು ಬಿಟ್ಟು ಕಾಲಿಡಬೇಡಿ. ಆ ಊರುಗಳಿಂದ ಎದ್ದುಬಂದ ಮನೆತನದ ಹಿರಿಯರಿಗೆ ನಕ್ಷೆಯ ದೊಡ್ಡ ಪ್ರತಿಯನ್ನು ತೋರಿಸುವ ಕೆಲಸ ತಡಮಾಡಬಾರದು.

ಮಲೆನಾಡಿಗೆ ಬಂದರೆ ಕ್ರಮ ಬದಲಾಗುತ್ತದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಕೆರೆ ಸಣ್ಣವು, ಮನೆಗಳು ಒಂದೊಂದು ಗುಡ್ಡಕ್ಕೊಂದು. ನಕ್ಷೆಯಲ್ಲಿ ಊರಿನ ಹೆಸರು ಬರೆದ ಜಾಗದಲ್ಲಿ ಊರೇ ಇರುವುದಿಲ್ಲ, ಆ ಹೆಸರು ಇಡೀ ಕಣಿವೆಗೆ ಸೇರಿದ್ದು. ಇಲ್ಲಿ ಹಳ್ಳಗಳ ಕೂಡಲು ಮತ್ತು ಗುಡ್ಡದ ಏಣನ್ನೇ ಆಧಾರ ಮಾಡಿಕೊಳ್ಳಿ. ಮಂಜರಾಬಾದ್ ಕೋಟೆಯ ಎಂಟು ಮೂಲೆಯ ನಕ್ಷತ್ರ, ಬಲ್ಲಾಳರಾಯನದುರ್ಗದಂಥವು ದೂರದಿಂದಲೂ ದಿಕ್ಕು ಹಿಡಿಯಲು ಒದಗುತ್ತವೆ. ಕಾಫಿ ತೋಟದ ನೆರಳಲ್ಲಿ ಜಿಪಿಎಸ್ ಹತ್ತಾರು ಮೀಟರ್ ಅಲುಗಾಡುತ್ತದೆ, ತೆರೆದ ಜಾಗಕ್ಕೆ ಬಂದು ಗುರುತು ಹಾಕಿ. ತೋಟದೊಳಗೆ ಕಾಲಿಡುವ ಮುಂಚೆ ಮಾಲೀಕರಿಗೋ ತೋಟದ ಕೆಲಸ ನೋಡಿಕೊಳ್ಳುವ ರೈಟರ್‌ಗೋ ಹೇಳಿ ಒಪ್ಪಿಗೆ ಪಡೆಯಿರಿ. ಸಕಲೇಶಪುರ, ಆಲೂರು ಕಡೆ ಆನೆ ಎಲ್ಲಿದೆ ಎಂದು ಆ ದಿನ ಬೆಳಿಗ್ಗೆಯೇ ವಿಚಾರಿಸಿ, ಇದೆ ಎಂದರೆ ಹೋಗಬೇಡಿ.

ಮಾಡಬಾರದ್ದು

ಟೋಪೋಶೀಟನ್ನು ಜಮೀನಿನ ತಕರಾರಿಗೆ ಸಾಕ್ಷಿಯಾಗಿ ಯಾರಿಗೂ ಕೊಡಬೇಡಿ. ಒಂದು ಮಿಲಿಮೀಟರಿಗೆ 63 ಮೀಟರ್ ಇರುವ ನಕ್ಷೆ 33 ಅಡಿ ಚೌಕದ ಗುಂಟೆಯ ಲೆಕ್ಕವನ್ನು ಹೇಳಲಾರದು. ಅದಕ್ಕೆ ಸರ್ವೆ ಇಲಾಖೆಯ ಟಿಪ್ಪಣಿ (ಜಮೀನಿನ ಅಳತೆಯ ದಾಖಲೆ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ) ಇವೆ.

ನಕ್ಷೆಯಲ್ಲಿ ಒಂದು ವಸ್ತು ಇಲ್ಲ ಎಂದ ಮಾತ್ರಕ್ಕೆ ಆ ಕಾಲದಲ್ಲಿ ಅದು ಇರಲಿಲ್ಲ ಎಂದು ಬರೆಯಬೇಡಿ. ಸಣ್ಣ ಗುಡಿ, ಹಟ್ಟಿ, ಊರಾಚೆಯ ಕೇರಿಗಳನ್ನು ಸರ್ವೆಯವರು ಬಿಟ್ಟಿರುವುದುಂಟು. ಯಾರ ಕೇರಿ ಬಿಟ್ಟುಹೋಗಿದೆ ಎಂಬುದನ್ನೂ ನಿಮ್ಮ ಟಿಪ್ಪಣಿಯಲ್ಲಿ ಸೇರಿಸಿ, ಅದೂ ಆ ಊರಿನ ಚರಿತ್ರೆಯೇ.

ಹಾಳೂರಿನಲ್ಲಿ ಅಗೆಯಬೇಡಿ, ಕಲ್ಲು ಎತ್ತಬೇಡಿ. ನಿಧಿ ಕಳ್ಳರು ವೀರಗಲ್ಲು, ಮಾಸ್ತಿಕಲ್ಲುಗಳನ್ನು ಬುಡಮೇಲು ಮಾಡಿರುವುದನ್ನು ನಮ್ಮ ಜಿಲ್ಲೆಗಳ ಎಷ್ಟೋ ಹೊಲಗಳಲ್ಲಿ ಕಾಣಬಹುದು. ಹೊಸ ಕಲ್ಲು ಕಂಡರೆ ನೆಟ್ಟಗೆ ಎದುರಿನಿಂದ ಒಂದು, ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಒಂದು ಫೋಟೋ ತೆಗೆಯಿರಿ. ಅಕ್ಷರಕ್ಕೆ ಸುಣ್ಣವನ್ನಾಗಲಿ ಹಿಟ್ಟನ್ನಾಗಲಿ ಹಚ್ಚಬೇಡಿ. ಸರ್ವೆ ನಂಬರ್ ಸಹಿತ ಪುರಾತತ್ವ ಇಲಾಖೆಗೆ ಮತ್ತು ಗ್ರಾಮ ಪಂಚಾಯಿತಿಗೆ ಬರೆದು ತಿಳಿಸಿ. ನಿಖರವಾದ ಜಾಗವನ್ನು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಾಕಬೇಡಿ. ನೆಲದೊಳಗಿನ ಹಳೇ ನಾಣ್ಯ, ಒಡವೆಯಂಥದ್ದು ಸಿಕ್ಕಿದರೆ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ಕೊನೆಯದಾಗಿ ಕಡತ. ಟ್ರೇಸಿಂಗ್ ಹಾಳೆಯ ಮೂಲೆಯಲ್ಲಿ ಶೀಟ್ ಸಂಖ್ಯೆ, ಸರ್ವೆ ವರ್ಷ, ಮರುಮುದ್ರಣದ ವರ್ಷ, ಜೆರಾಕ್ಸ್ ಪ್ರಮಾಣ, ನೀವು ಆಧಾರವಾಗಿ ಹಿಡಿದ ಏರಿಗಳ ಹೆಸರು, ಇಷ್ಟನ್ನೂ ಬರೆಯಿರಿ. ಇವಿಲ್ಲದ ಹಾಳೆ ಐದು ವರ್ಷದ ಮೇಲೆ ನಿಮಗೇ ಅರ್ಥವಾಗುವುದಿಲ್ಲ. ಟ್ರೇಸಿಂಗ್ ಪೇಪರ್ ನಮ್ಮ ಮಳೆಗಾಲದ ತೇವಕ್ಕೆ ಸುಕ್ಕುಗಟ್ಟಿ ಅಳತೆ ಕೆಡುತ್ತದೆ, ಆದ್ದರಿಂದ ಮುಗಿದ ಕೂಡಲೇ ಸ್ಕ್ಯಾನ್ ಮಾಡಿಸಿ, ಮಡಿಸದೆ ಕೊಳವೆಯಲ್ಲಿ ಸುತ್ತಿಡಿ. ಒಂದು ಪ್ರತಿ ಊರಿನ ಶಾಲೆಗೆ, ಒಂದು ಪ್ರತಿ ಪಂಚಾಯಿತಿಯ ಗ್ರಂಥಾಲಯಕ್ಕೆ ಕೊಡಿ.